ನವೀಕರಿಸಿದ ತರವಾಡು ಮನೆ ಮಾರಾಟಕ್ಕಿದೆ

ನಮ್ಮ ಊರಿನ ಬಸ್ಸು ನಿಲ್ದಾಣದಿಂದ ಒಳದಾರಿ ಹಿಡಿದು ಅರ್ಧ ಮೈಲಿ ನಡೆದರೆ ಸಿಗುವ ಒಂದು ಹಳೆಯ ಮನೆಯ ಗೇಟಿನಲ್ಲಿ ಕಳೆದ ತುಲಾ ಮಾಸದಿಂದ ಒಂದು ಫಲಕ ನೇತಾಡುತ್ತಿದೆ. ಸಮಗ್ರವಾಗಿ ನವೀಕರಿಸಿದ ಕುಟುಂಬದ ಮನೆ, ಬತ್ತದ ನೀರು, ಕಾರು ಹೋಗುವ ದಾರಿ, ಇಷ್ಟು ಸೆಂಟ್ಸು ಸ್ಥಳ, ಮಾರಾಟಕ್ಕಿದೆ ಎಂಬುದು ಅದರ ಸಾರಾಂಶ. ಸಾರಾಂಶವನ್ನು ಕನ್ನಡದಲ್ಲಿ ಕೊಟ್ಟವನು ನಾನು. ಫಲಕದಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ಮೇಲೆ ಮಲಯಾಳ, ಕೆಳಗೆ ಇಂಗ್ಲಿಷು. ಹಾಕಿಸಿದವರು ನಮ್ಮ ಸಂಘದ ಆಜೀವ ಸದಸ್ಯರು, ನನ್ನ ಹಳೆಯ ವಿದ್ಯಾರ್ಥಿ, ಮತ್ತು ಕಾಸರಗೋಡಿನಲ್ಲಿ ಕನ್ನಡ ಅಳಿಯುತ್ತಿದೆ ಎಂದು ಪ್ರತಿ ನವೆಂಬರಿನಲ್ಲಿಯೂ ಗದ್ಗದಿತರಾಗಿ ಭಾಷಣ ಮಾಡುವವರು. ಅವರ ಹೆಸರನ್ನಾಗಲಿ ಮನೆಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಬರೆದರೆ ತಪ್ಪಿತಸ್ಥರು ಅವರೊಬ್ಬರೇ ಎಂದು ಉಳಿದವರೆಲ್ಲ ನಿರಾಳವಾಗಿ ಉಸಿರಾಡಿಯಾರು.

ಮಾರಾಟದ ಬಗ್ಗೆ ನನಗೆ ತಕರಾರಿಲ್ಲ. ಹಿರಿಯರ ಮನೆಗಳನ್ನು ಮಾರಬಾರದೆಂಬ ನಿರ್ಣಯವನ್ನು ಈ ಸಮ್ಮೇಳನದಲ್ಲಿ ಯಾರಾದರೂ ಮಂಡಿಸಿದರೆ ಎದ್ದು ನಿಂತು ವಿರೋಧಿಸುವವನು ನಾನೇ. ಮನೆಗಳು ಏಕೆ ಮಾರಾಟವಾಗುತ್ತಿವೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. 1970ರ ಜನವರಿ 1ರಂದು ಭೂಸುಧಾರಣೆ ಜಾರಿಗೆ ಬಂದು ಗೇಣಿಯ ಆದಾಯ ನಿಂತಿತು. ಅದು ನ್ಯಾಯವಾಗಿಯೇ ನಿಂತಿತು ಎಂದು ನಾನು ಆಗಲೂ ಹೇಳಿದ್ದೆ. 1975ರ ಕೇರಳ ಅವಿಭಕ್ತ ಹಿಂದೂ ಕುಟುಂಬ ನಿರ್ಮೂಲನ ಕಾಯಿದೆ ಮರುವರ್ಷದ ಡಿಸೆಂಬರ್ 1ರಿಂದ ಜಾರಿಯಾದಾಗ ಅಳಿಯಸಂತಾನದ ಕುಟುಂಬಗಳಲ್ಲಿ ಒಂದು ಸೂರಿಗೆ ಇಪ್ಪತ್ತು, ಮೂವತ್ತು ಜನ ಹಕ್ಕುದಾರರಾದರು. ಆ ಮೂವತ್ತರಲ್ಲಿ ಹತ್ತು ಮಂದಿ ಮುಂಬಯಿಯಲ್ಲಿ, ಹತ್ತು ಮಂದಿ ಕೊಲ್ಲಿಯಲ್ಲಿ, ಉಳಿದವರು ಬೆಂಗಳೂರಿನಲ್ಲಿ. ಮನೆಯಲ್ಲಿ ದೀಪ ಹಚ್ಚಲು ಒಬ್ಬ ಚಿಕ್ಕಮ್ಮ. ಆ ಚಿಕ್ಕಮ್ಮ ತೀರಿಕೊಂಡ ಮೇಲೆ ಮನೆ ಮಾರದೆ ಏನು ಮಾಡಬೇಕು? ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಸ್ಮಾರಕವಾಗಿ ಉಳಿದದ್ದು ಅದು ರಾಷ್ಟ್ರಕವಿಯ ಮನೆಯಾದ್ದರಿಂದ. ನಮ್ಮ ನಿಮ್ಮ ಮನೆಗಳನ್ನು ಉಳಿಸಲು ಯಾವ ಸರಕಾರವೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ನನ್ನ ಆಕ್ಷೇಪವಿರುವುದು ಮಾರುವ ಮೊದಲು ಮಾಡುವ ಕೆಲಸದ ಮೇಲೆ. ಅದಕ್ಕೆ ನವೀಕರಣವೆಂದು ಹೆಸರು.

ಈ ಮನೆಯನ್ನು ನಾನು ಐವತ್ತು ವರ್ಷಗಳಿಂದ ಬಲ್ಲೆ. ಮುರಕಲ್ಲಿನ ದಪ್ಪ ಗೋಡೆ, ಮಂಗಳೂರು ಹಂಚಿನ ಮಾಡು, ಕಿರಾಲುಬೋಗಿಯ ಪಕ್ಕಾಸು, ಹಲಸಿನ ಮರದ ಕಂಬಗಳು, ನಡುವೆ ಮಳೆನೀರು ಬೀಳುವ ನಾಲ್ಕು ಸುತ್ತಿನ ಒಳಂಗಳ. ಎದುರು ಚಾವಡಿ, ಆಟಿಯ ಮಳೆ ಹೊಡೆಯುವಾಗ ಅಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ಅರ್ಥಧಾರಿಯ ಮಾತು ಹಂಚಿನ ಮೇಲಿನ ಮಳೆಯ ಸದ್ದಿಗೆ ಸಿಕ್ಕಿ ಕೇಳದೆ ಹೋದಾಗ ಯಜಮಾನರು ಕೈ ಎತ್ತಿ ಭಾಗವತರನ್ನು ನಿಲ್ಲಿಸಿ, ಮಳೆ ಇಳಿದ ಮೇಲೆ ಅದೇ ಮಾತನ್ನು ಎರಡನೆಯ ಸಲ ಹೇಳಿಸುತ್ತಿದ್ದರು. ಚಾವಡಿಯಿಂದ ಒಳಗೆ ಹೋಗುವ ಬಾಗಿಲಿನ ಮೇಲಿನ ಪಟ್ಟಿಯಲ್ಲಿ ರಕ್ತಾಕ್ಷಿ ಸಂವತ್ಸರದ ವೃಷಭ ಮಾಸವೆಂದು ಕನ್ನಡದಲ್ಲಿ ಕೊರೆದಿತ್ತು. ಅಂದರೆ 1924ರ ಮೇ ತಿಂಗಳ ನಡುವಿನಿಂದ ಜೂನ್ ನಡುವಿನೊಳಗೆ, ಮಳೆಗಾಲ ಕೂರುವ ಮೊದಲು, ಮಾಡು ಮುಗಿಸಿದ್ದರು. ಹಿತ್ತಿಲ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ವರ್ಷವಿಡೀ ನೀರು ಬರುತ್ತಿತ್ತು. ಪಂಪಿಲ್ಲ, ವಿದ್ಯುತ್ತಿಲ್ಲ, ಅಡಿಕೆಯ ದಂಬೆಯಲ್ಲಿ ಹರಿದು ಅಂಗಳದ ತೊಟ್ಟಿಗೆ ಬೀಳುತ್ತಿತ್ತು.

ಹನ್ನೆರಡು ವರ್ಷಗಳ ಹಿಂದೆ ಮೊದಲ ನವೀಕರಣವಾಯಿತು. ಹಂಚು ಇಳಿಸಿ ಅರ್ಧ ಭಾಗಕ್ಕೆ ಕಾಂಕ್ರೀಟಿನ ಟೆರೇಸು ಹಾಕಿದರು. ಒಂದು ವರ್ಷಕ್ಕೆ ಮೂರು ಸಾವಿರ ಮಿಲಿಮೀಟರು ದಾಟಿ ಮಳೆ ಸುರಿಯುವ ನಾಡಿನಲ್ಲಿ ಚಪ್ಪಟೆ ಮಾಡು ಏಕೆ ಎಂದು ಕೇಳಿದವನನ್ನು ಹಳೆಯ ಕಾಲದವನೆಂದು ನಕ್ಕರು. ಮೂರನೆಯ ಮಳೆಗಾಲಕ್ಕೆ ಸೋರತೊಡಗಿತು. ಸೋರುವುದನ್ನು ತಡೆಯಲು ಟೆರೇಸಿನ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸಿದರು. ಹೀಗೆ ಇಳಿಜಾರು ಮಾಡನ್ನು ಹಣ ಕೊಟ್ಟು ಕಿತ್ತು, ಇನ್ನಷ್ಟು ಹಣ ಕೊಟ್ಟು ಅದಕ್ಕಿಂತ ಕಳಪೆಯಾದ ಇಳಿಜಾರು ಮಾಡನ್ನೇ ಮತ್ತೆ ಕಟ್ಟಿಕೊಂಡಂತಾಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಅವರು ಹೊರನಾಡಿನವರಾಗಿದ್ದರೂ ನಮ್ಮ ಮಳೆಯನ್ನು ನೋಡಿ ಕಲಿತರು. ನಮ್ಮ ಕಂಟ್ರಾಕ್ಟರು ಇಲ್ಲಿಯೇ ಹುಟ್ಟಿ ಕಲಿಯಲಿಲ್ಲ.

ಮುರಕಲ್ಲಿನ ಗೋಡೆಗೆ ಸಿಮೆಂಟಿನ ಸಾರಣೆಯಾಯಿತು. ಕಲ್ಲಿನೊಳಗಿನ ತೇವ ಹೊರಹೋಗಲು ದಾರಿಯಿಲ್ಲದೆ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರತೊಡಗಿತು. ಪ್ರತಿ ಎರಡು ವರ್ಷಕ್ಕೊಮ್ಮೆ ಬಣ್ಣ. ಒಳಂಗಳವನ್ನು ಮುಚ್ಚಿ ಟಿವಿ ಕೋಣೆ ಮಾಡಿದರು. ಜಗಲಿ ಸಿಟೌಟ್ ಆಯಿತು. ಹಲಸಿನ ಕಂಬಗಳು ಹಳೆಮರದ ವ್ಯಾಪಾರಿಯ ಲಾರಿ ಹತ್ತಿದವು. ಆತ ಅವನ್ನು ಯಾವುದೋ ರೆಸಾರ್ಟಿಗೆ ಮಾರಿದನೆಂದೂ ಅಲ್ಲಿ ಪ್ರವಾಸಿಗರು ಅವುಗಳಿಗೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಾರೆಂದೂ ಮನೆಯವರೇ ಸ್ವಲ್ಪ ಹೆಮ್ಮೆಯಿಂದ ನನಗೆ ಹೇಳಿದರು. ಈಗ ಎರಡು ವರ್ಷಗಳ ಹಿಂದೆ, ಮಾರುವುದೆಂದು ತೀರ್ಮಾನವಾದ ಮೇಲೆ, ಒಳ್ಳೆಯ ಬೆಲೆ ಬರಬೇಕೆಂದು ಎರಡನೆಯ ನವೀಕರಣ. ಕಾವಿ ನೆಲ ಹೋಗಿ ಕನ್ನಡಿಯಂಥ ಟೈಲ್ಸು ಬಂತು. ಕಾರ್ ಪೋರ್ಚಿಗೆಂದು ಗುಡ್ಡ ತಗ್ಗಿಸುವಾಗ ಸುರಂಗದ ಬಾಯಿ ಮುಚ್ಚಿತು, ಕೊಳವೆಬಾವಿ ತೋಡಿದರು. ಫಲಕದಲ್ಲಿರುವ ಬತ್ತದ ನೀರು ಎಂಬ ಮಾತು ಈ ಕೊಳವೆಬಾವಿಯನ್ನು ಕುರಿತದ್ದು. ಮೇಷ ಮಾಸ ಬರಲಿ, ನೋಡೋಣ.

ನವೀಕರಣವನ್ನೇ ದೂರುವ ಮುದುಕನೆಂದು ದಯಮಾಡಿ ತಿಳಿಯಬೇಡಿ. ಹೊಗೆ ತುಂಬಿದ ಅಡುಗೆಮನೆಯಲ್ಲಿ ನಮ್ಮ ತಾಯಂದಿರು ಕಣ್ಣು ಕಳೆದುಕೊಂಡದ್ದನ್ನು ಕಂಡವನು ನಾನು. ರಾತ್ರಿ ಲಾಟೀನು ಹಿಡಿದು, ಮಳೆಯಲ್ಲಿ ನೆನೆದು, ಹಿತ್ತಿಲಿಗೆ ಹೋಗಬೇಕಾಗಿದ್ದ ಹೆಂಗಸರ ಕಷ್ಟವನ್ನು ಹಳೆಯ ಮನೆಯ ಸೌಂದರ್ಯವನ್ನು ಹಾಡುವ ಕವಿಗಳು ಬರೆದದ್ದಿಲ್ಲ. ಒಳಗೆ ಶೌಚಾಲಯ ಬೇಕು, ಗ್ಯಾಸು ಬೇಕು, ಮೊಣಕಾಲು ನೋಯುವವರಿಗೆ ಹೊಸ್ತಿಲು ತಗ್ಗಬೇಕು. ನಾನೂ ನನ್ನ ಜಗಲಿಗೆ ಗ್ರಿಲ್ಲು ಹಾಕಿಸಿದವನೇ. ಮಂಗಗಳ ಕಾಟಕ್ಕೆ ಎಂದು ಹೇಳುತ್ತೇನೆ, ನಿಜವಾಗಿ ನೆರೆಮನೆಯಲ್ಲಿ ಹಾಕಿಸಿದ್ದರಿಂದ. ಇದ್ದು ಬಾಳುವವನು ತನ್ನ ಅನುಕೂಲಕ್ಕೆ ಮನೆಯನ್ನು ಬದಲಿಸಿಕೊಂಡರೆ ಯಾರೂ ಕೇಳುವಂತಿಲ್ಲ. ಬಿಟ್ಟುಹೋಗುವವನು, ಇನ್ನೂ ಮುಖ ನೋಡದ ಕೊಳ್ಳುವವನ ರುಚಿಯನ್ನು ತಾನೇ ಊಹಿಸಿ, ಮನೆಯನ್ನು ಮನೆಯಲ್ಲದಂತೆ ಮಾಡಿ ಹೋಗುವುದು ಬೇರೆ ವಿಷಯ. ಲೆಕ್ಕದ ದೃಷ್ಟಿಯಿಂದಲೂ ಅದು ಮೂರ್ಖತನ. ನಮ್ಮ ಕಡೆ ಬೆಲೆ ಕಟ್ಟುವುದು ಸೆಂಟ್ಸಿನ ಮೇಲೆ, ರಸ್ತೆಯ ಅಗಲದ ಮೇಲೆ. ಟೈಲ್ಸಿಗೆ ಹಾಕಿದ ಹಣ ಕೊಳ್ಳುವವನ ಕಿಸೆಯಿಂದ ಪೂರ್ತಿ ಹಿಂದಿರುಗಿದ್ದನ್ನು ನನ್ನ ಪರಿಚಯದಲ್ಲಿ ಒಬ್ಬರೂ ಕಂಡಿಲ್ಲ.

ಇದಿಷ್ಟೂ ಕಲ್ಲು ಮರದ ಮಾತು. ಇದಕ್ಕಾಗಿಯೇ ಆದರೆ ನಾನು ಸ್ಮರಣ ಸಂಚಿಕೆಯ ಪುಟಗಳನ್ನು ಕೇಳುತ್ತಿರಲಿಲ್ಲ. ಅಟ್ಟದ ವಿಚಾರಕ್ಕೆ ಬರುತ್ತೇನೆ.

ಎರಡನೆಯ ನವೀಕರಣದ ವೇಳೆ ಅಟ್ಟ ಬಿಚ್ಚಿದರು. ಅಲ್ಲಿ ಎರಡು ಮರದ ಪೆಟ್ಟಿಗೆಗಳಿದ್ದವು. ನಾನು ಶಿಕ್ಷಕನಾಗಿದ್ದಾಗ ಒಮ್ಮೆ, ಶಾಲೆಯ ಚರಿತ್ರೆ ಬರೆಯಲೆಂದು, ಆಗಿನ ಯಜಮಾನರ ಅನುಮತಿ ಪಡೆದು ಒಂದನ್ನು ತೆರೆದು ನೋಡಿದ್ದೆ. ಮೂಲಗೇಣಿ ಚೀಟುಗಳು, ಚಾಲಗೇಣಿ ಚೀಟುಗಳು, ಮುಡಿ ಅಕ್ಕಿಯ ಲೆಕ್ಕದ ಪುಸ್ತಕಗಳು, ಕೋರ್ಟಿನ ಡಿಕ್ರಿಗಳ ನಕಲು, ಯಾವ ಕುಮ್ಕಿಯಲ್ಲಿ ಯಾರು ಸೊಪ್ಪು ಕಡಿಯಬಹುದು ಎಂಬ ಕರಾರು, ಹುಟ್ಟು ಸಾವಿನ ಟಿಪ್ಪಣಿ, ಒಂದು ಕಟ್ಟು ತಾಡವಾಲೆ. ಎಲ್ಲವೂ ಕನ್ನಡದಲ್ಲಿ. 1956ರ ನವೆಂಬರ್ 1ರವರೆಗೆ ನಾವು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು; ಇಲ್ಲಿ ತುಳು ಮಾತಾಡುವವನೂ ಮಲಯಾಳ ಮಾತಾಡುವವನೂ ಕೊಂಕಣಿ, ಮರಾಠಿ ಮಾತಾಡುವವನೂ ಕಾಗದ ಬರೆಯಿಸಿದ್ದು ಕನ್ನಡದಲ್ಲಿ. ಚಂದ್ರಗಿರಿಯ ಉತ್ತರದ ನಾಡು ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ ಮಾತನ್ನು ನಾವು ಈಗಲೂ ಮಂತ್ರದಂತೆ ಜಪಿಸುತ್ತೇವೆ. ಆಯೋಗದ ಮುಂದೆ ನಾವು ಮಾಡಿದ ವಾದಕ್ಕೆ ಇಂಥ ಪೆಟ್ಟಿಗೆಗಳಿಗಿಂತ ದೊಡ್ಡ ಸಾಕ್ಷಿ ಯಾವುದಿದ್ದೀತು?

ಆ ಎರಡು ಪೆಟ್ಟಿಗೆಗಳಲ್ಲಿ ಒಂದನ್ನು ಪಾಲಿಶ್ ಮಾಡಿಸಿ ಸಿಟೌಟಿನಲ್ಲಿ ಚಪ್ಪಲಿ ಇಡಲು ಇಟ್ಟಿದ್ದಾರೆ. ಇನ್ನೊಂದು ಕಂಬಗಳೊಂದಿಗೆ ಹೋಯಿತು. ಕಾಗದಗಳು? ಗೆದ್ದಲು ಹಿಡಿದಿತ್ತು ಮಾಷ್ಟ್ರೇ, ಕೆಲಸದವರು ಒಲೆಗೆ ಹಾಕಿದರು, ಎಂದರು. ಗೆದ್ದಲು ಸ್ವಲ್ಪ ಹಿಡಿದಿರಬಹುದು. ತಾಡವಾಲೆಯ ಕಟ್ಟು ಏನಾಯಿತೆಂದು ಕೇಳಿದೆ. ಅದು ಏನೆಂದು ಅವರಿಗೆ ನೆನಪಾಗಲಿಲ್ಲ. ಅದು ಯಕ್ಷಗಾನ ಪ್ರಸಂಗವಾಗಿತ್ತೋ, ಜಾತಕಗಳ ಕಟ್ಟೋ, ನಾನೂ ಅಂದು ಬಿಚ್ಚಿ ಓದಲಿಲ್ಲ. ಆ ತಪ್ಪು ನನ್ನದೇ. ಕುಂಬಳೆಯ ಪಾರ್ತಿಸುಬ್ಬನ ವಿಷಯದಲ್ಲಿ, ಅವನು ಯಾರು, ಎಲ್ಲಿಯವನು, ಯಾವ ಪ್ರಸಂಗ ಅವನದು ಎಂದು ನಮ್ಮ ಹಿರಿಯ ವಿದ್ವಾಂಸರು ಬಹುಕಾಲ ಜಗಳವಾಡಿದರು. ಮನೆಮನೆಗಳಲ್ಲಿ ಉಳಿದ ಓಲೆಗಳು ಇದ್ದುದರಿಂದಲೇ ಆ ಜಗಳಕ್ಕೆ ಅವಕಾಶವಾಯಿತು. ಮುಂದಿನ ತಲೆಮಾರಿಗೆ ಜಗಳವಾಡಲೂ ನಾವು ಏನನ್ನೂ ಬಿಡುತ್ತಿಲ್ಲ.

ಕಾಗದ ಉಳಿದಿದ್ದರೂ ಮಾರುವಾಗ ಕೈಬಿಡುತ್ತಿತ್ತಲ್ಲ ಎನ್ನುವವರಿದ್ದಾರೆ. ಅವರು ಹೇಳುವುದರಲ್ಲಿ ಅರ್ಥವಿದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನ ಪ್ರಕಾರ, ಪೂರ್ತಿ ಹಣ ಸಂದಾಯವಾದ ಮೇಲೆ ಮಾರುವವನು ಆ ಸ್ವತ್ತಿಗೆ ಸಂಬಂಧಿಸಿದ, ತನ್ನ ವಶದಲ್ಲಿರುವ ಹಕ್ಕುಪತ್ರಗಳನ್ನೆಲ್ಲ ಕೊಳ್ಳುವವನಿಗೆ ಒಪ್ಪಿಸಬೇಕು. ಹಾಗಿದ್ದರೆ ಒಪ್ಪಿಸುವ ಮೊದಲು ಒಂದು ಪ್ರತಿ ತೆಗೆದಿಟ್ಟುಕೊಳ್ಳುವುದಕ್ಕೆ ಏನು ಅಡ್ಡಿ? ಮೊಮ್ಮಗನ ಹುಟ್ಟುಹಬ್ಬದ ಫೋಟೊ ಮುನ್ನೂರು ತೆಗೆಯುವ ಅದೇ ಫೋನಿನಿಂದ ಅಜ್ಜನ ಚೀಟುಗಳ ಮೂವತ್ತು ಫೋಟೊ ತೆಗೆಯಲು ಅರ್ಧ ಗಂಟೆ ಸಾಕು. ಇನ್ನು ಹುಟ್ಟುಸಾವಿನ ಟಿಪ್ಪಣಿ, ಪ್ರಸಂಗದ ಓಲೆ, ಮದುವೆಯ ಖರ್ಚಿನ ಪಟ್ಟಿ, ಇವು ಹಕ್ಕುಪತ್ರಗಳೇ ಅಲ್ಲ. ಇವನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ. ಅದೇ ಕಲಮಿನ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಕೊಳ್ಳುವವನಿಗೆ ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ತಿಳಿಯದಂಥ ಮುಖ್ಯ ದೋಷವನ್ನು ಮಾರುವವನು ತಾನಾಗಿ ತಿಳಿಸಬೇಕು. ಕಾರು ನಿಲ್ಲುವ ಕಾಂಕ್ರೀಟಿನ ಹಿಂದೆ, ಗುಡ್ಡದೊಳಗೆ, ನೀರು ಕಟ್ಟಿಕೊಂಡ ಒಂದು ಸುರಂಗವಿದೆ ಎಂಬುದು ಫಲಕದಲ್ಲಿಲ್ಲ.

ಈಗ ಆಧಾರ ಬರೆಯಿಸುವ ಸಂಗತಿ. ಸಂಘದ ಸದಸ್ಯರು ಉಳಿದ ಪುಟಗಳನ್ನು ಬಿಟ್ಟರೂ ಇದನ್ನು ಓದಬೇಕು. 1908ರ ನೋಂದಣಿ ಕಾಯಿದೆಯ 19ನೆಯ ಕಲಮು ಹೀಗೆನ್ನುತ್ತದೆ: ನೋಂದಣಿ ಅಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಯೂ ಇಲ್ಲದ ಭಾಷೆಯಲ್ಲಿ ದಸ್ತಾವೇಜು ಬಂದರೆ, ಬಳಕೆಯ ಭಾಷೆಗೆ ಮಾಡಿದ ನಿಜಾನುವಾದವೂ ಒಂದು ನಿಜಪ್ರತಿಯೂ ಜತೆಗಿಲ್ಲದೆ ಅದನ್ನು ನೋಂದಾಯಿಸಕೂಡದು. ಮೇಲ್ನೋಟಕ್ಕೆ ಒಣ ಮಾತು. ಸಾಮಾನ್ಯವಾಗಿ ಬಳಕೆಯಲ್ಲಿರುವ ಎಂಬ ಶಬ್ದಗಳನ್ನು ಮತ್ತೊಮ್ಮೆ ಓದಿ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಬಳಕೆಯ ಭಾಷೆಯೆಂದು ನಾಳೆ ಯಾರು ಹೇಳಬೇಕು? ಸಮ್ಮೇಳನದ ಅಧ್ಯಕ್ಷರು ಹೇಳಿದರೆ ಆಗುತ್ತದೆಯೇ? ಆ ಕಚೇರಿಯ ಕಪಾಟಿನಲ್ಲಿ ವರ್ಷಕ್ಕೆ ಎಷ್ಟು ಕನ್ನಡ ಆಧಾರ ಸೇರುತ್ತದೆ ಎಂಬುದೇ ಹೇಳುತ್ತದೆ. ಅಲ್ಲಿಗೆ ಹೋಗಿ ಕನ್ನಡದಲ್ಲಿ ಬರೆಯಿಸುವವರು ನಾವಲ್ಲದಿದ್ದರೆ ಬೇರೆ ಯಾರು? ಕಣ್ಣೂರಿನವನು ಬಂದು ಬರೆಯಿಸಿಯಾನೆ?

ಕೊಳ್ಳುವವರು ಒಪ್ಪಬೇಕಲ್ಲ, ಬ್ಯಾಂಕಿನವರು ಓದಬೇಕಲ್ಲ ಎಂಬ ಉತ್ತರ ಸಿದ್ಧವಾಗಿದೆ. ಒಪ್ಪಿದೆ. ಹಣ ಕೊಡುವವನಿಗೆ ತಾನು ಓದಬಲ್ಲ ಕಾಗದ ಬೇಕೆನಿಸುವುದು ಸಹಜ. ಅಂಥಲ್ಲಿ ಮಲಯಾಳದ ಅನುವಾದವನ್ನು ಜತೆಗಿಡಬಹುದೇ ಎಂದು ಕೇಳಿಯಾದರೂ ನೋಡಿ. ಆದರೆ ಅಣ್ಣತಮ್ಮಂದಿರ ಪಾಲುಪಟ್ಟಿಗೆ ಯಾವ ಕೊಳ್ಳುವವನಿದ್ದ? ಮಗಳಿಗೆ ಕೊಟ್ಟ ದಾನಪತ್ರಕ್ಕೆ? ಮರಣಶಾಸನಕ್ಕೆ? ಈ ಮನೆಯ ಪಾಲು ಏಳೆಂಟು ವರ್ಷಗಳ ಹಿಂದೆ ಆಯಿತು. ಹಕ್ಕುದಾರರೆಲ್ಲರೂ ಕನ್ನಡ ಶಾಲೆಯಲ್ಲಿ ಕಲಿತವರು, ಅವರಲ್ಲಿ ಆರು ಮಂದಿ ನನ್ನ ಕೈಯಲ್ಲೇ. ಪಟ್ಟಿ ಬರೆದದ್ದು ಮಲಯಾಳದಲ್ಲಿ. ಓದಲು ಬಾರದೆ, ಬರಹಗಾರ ಬೆರಳಿಟ್ಟು ತೋರಿಸಿದಲ್ಲಿ ಸಹಿ ಹಾಕಿದರು. ಆಮೇಲೆ ಒಬ್ಬ ತಂಗಿಯ ಭಾಗಕ್ಕೆ ದಾರಿ ಇಲ್ಲವೆಂದು ತಿಳಿದದ್ದು ಬೇಲಿ ಹಾಕಿದ ಮೇಲೆ. ಇದನ್ನು ಯಾವ ಸರಕಾರ ಮಾಡಿತು? 2021ರಲ್ಲಿ ನಮ್ಮ ಊರುಗಳ ಕನ್ನಡ ಹೆಸರನ್ನು ಬದಲಿಸುತ್ತಾರೆಂದು ಗದ್ದಲವೆದ್ದಾಗ, ಅಂಥ ಪ್ರಸ್ತಾಪವೇ ಇಲ್ಲವೆಂದು ಕೇರಳ ಸರಕಾರ ಹೇಳಿತು. ನಾವು ನಂಬದೆ ಇನ್ನೂ ನಾಲ್ಕು ದಿನ ಕೂಗಿದೆವು. ಪಾಲುಪಟ್ಟಿಯ ಚಕ್ಕುಬಂದಿಯಲ್ಲಿ ಗುಡ್ಡದ ಹೆಸರು, ತೋಡಿನ ಹೆಸರು, ಗದ್ದೆಗಳ ಹೆಸರು ಬಿಟ್ಟುಹೋಗಿ ಬರಿಯ ಸರ್ವೆ ನಂಬರು ಉಳಿದಾಗ ಯಾರೂ ಕೂಗಲಿಲ್ಲ. ಮನೆಯ ಹಳೆಯ ಹೆಸರು ಹೋಗಿ ಗೇಟಿನಲ್ಲಿ ವಿಲ್ಲಾ ಎಂದು ಬಂದಾಗಲೂ ಇಲ್ಲ.

ಮರೆಯದ ವಿಷಯವೂ ಒಂದಿದೆ. ಮಾರಾಟದ ಮಾತು ಬಂದೊಡನೆ ನಾಗಬನವನ್ನೂ ಅಲ್ಲಿಗೆ ಹೋಗುವ ಕಾಲುದಾರಿಯನ್ನೂ ಹೊರತುಪಡಿಸಿ ಬರೆಯಬೇಕೆಂದು ಎಲ್ಲರೂ ಒಂದೇ ಕಂಠದಿಂದ ಹೇಳಿದರು. ದೈವದ ಮಂಚಾವನ್ನು ಎಲ್ಲಿಗೆ ಕೊಂಡೊಯ್ಯಬೇಕೆಂದು ಪ್ರಶ್ನೆ ಇಡಿಸಿದರು, ಮುಂಬಯಿಯವರೂ ವಿಮಾನದಲ್ಲಿ ಬಂದು ಕೂತರು. ಬಹಳ ಒಳ್ಳೆಯದು, ನಾನೂ ನಂಬುವವನೇ. ನಾಗನಿಗೆ ಹೆದರಿ ಕಾಲು ಸೆಂಟ್ಸು ಉಳಿಸುವವರು, ಕಡಿಯದ ಅಕ್ಷರಕ್ಕೆ ಹೆದರುವುದಿಲ್ಲ, ಅಷ್ಟೆ.

ವಿಲೀನೀಕರಣದ ಹೋರಾಟದ ಕಾಲದಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳು ಗಡಿನಾಡನ್ನು ಉರಿಯುವ ಮನೆಯಾಗಿ ಕಂಡು ಹಾಡಿದರು. ನಾವು ಅದನ್ನು ಶಾಲೆಯ ಮಕ್ಕಳಿಂದ ಹಾಡಿಸಿದೆವು. ನಾನು ಮೂವತ್ತು ವರ್ಷ ಹಾಡಿಸಿದ್ದೇನೆ. ಹಾಡಿ ಹಾಡಿ ಮನೆ ಎಂದರೆ ಉಪಮೆ ಎಂದೇ ನಮಗೆ ಅಭ್ಯಾಸವಾಯಿತು. ಕಲ್ಲುಮಣ್ಣಿನ ಮನೆಯ ಅಟ್ಟದಲ್ಲಿ ಏನಿದೆ ಎಂದು ಏಣಿ ಹತ್ತಿ ನೋಡುವವರು ಇಲ್ಲವಾದರು. ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ನಾನು ಎರಡು ಸಲ ಒಂದು ಸೂಚನೆ ಇಟ್ಟೆ: ಮಾರಾಟಕ್ಕೆ ಬರುವ ಪ್ರತಿ ಹಳೆಯ ಕನ್ನಡ ಮನೆಗೆ, ಕಂಟ್ರಾಕ್ಟರು ಹೋಗುವ ಮೊದಲು, ಇಬ್ಬರು ಸದಸ್ಯರು ಹೋಗಿ ಕಾಗದಗಳ ಪ್ರತಿ ತೆಗೆಯಬೇಕು, ಬಾಗಿಲ ಮೇಲಿನ ಬರಹವನ್ನು ನಕಲು ಮಾಡಬೇಕು, ಗದ್ದೆ ತೋಡುಗಳ ಹೆಸರು ಕೇಳಿ ಬರೆದುಕೊಳ್ಳಬೇಕು. ಸನ್ಮಾನಕ್ಕೆ ತರಿಸುವ ಶಾಲುಗಳ ಖರ್ಚಿನಲ್ಲಿ ಕಾಲುಭಾಗ ಸಾಕು. ಮೊದಲನೆಯ ಸಲ ಮುಂದಿನ ಸಭೆಗೆ ಎಂದರು. ಎರಡನೆಯ ಸಲ, ಖಾಸಗಿ ಆಸ್ತಿಯಲ್ಲಿ ಸಂಘ ಕೈಹಾಕಬಾರದು ಎಂದು ಒಬ್ಬರು ಬಲವಾಗಿ ವಾದಿಸಿದರು. ಅವರ ಮನೆಯಲ್ಲಿ ಆಗ ಟೈಲ್ಸಿನ ಕೆಲಸ ನಡೆಯುತ್ತಿತ್ತು. ಮೂರನೆಯ ಸಲ ಈ ಲೇಖನದ ಮೂಲಕ ಇಡುತ್ತಿದ್ದೇನೆ.

ಮೊನ್ನೆ ಆ ಮನೆಯನ್ನು ನೋಡಲು ಕಣ್ಣೂರಿನ ಕಡೆಯ ಒಬ್ಬರು ಬಂದಿದ್ದರು, ಹೆಂಡತಿಯೊಂದಿಗೆ. ದಾರಿಯಲ್ಲಿ ಸಿಕ್ಕಿದ್ದರಿಂದ ನಾನೂ ಜತೆಯಲ್ಲಿ ಹೋದೆ. ಟೈಲ್ಸನ್ನಾಗಲಿ ಮಾಡ್ಯುಲರ್ ಅಡುಗೆಮನೆಯನ್ನಾಗಲಿ ಅವರು ಹೆಚ್ಚು ಗಮನಿಸಲಿಲ್ಲ. ಒಳಬಾಗಿಲಿನ ಕೆಳಗೆ ನಿಂತರು. ಪಟ್ಟಿಗೆ ಪುಟ್ಟಿ ಹಾಕಿ ಬಿಳಿ ಬಣ್ಣ ಬಳಿದಿದ್ದರೂ ಪಕ್ಕದ ಕಿಟಕಿಯ ಬೆಳಕಿಗೆ ಅಕ್ಷರಗಳ ಗುಳಿ ತೆಳುವಾಗಿ ಕಾಣುತ್ತಿತ್ತು. ಏನು ಬರೆದಿದೆ ಎಂದು ಅವರು ಮಲಯಾಳದಲ್ಲಿ ಮನೆಯವರನ್ನು ಕೇಳಿದರು. ಮನೆಯವರು ನನ್ನ ಮುಖ ನೋಡಿದರು. ಹುಟ್ಟಿದಂದಿನಿಂದ ಆ ಬಾಗಿಲು ದಾಟಿದವರಿಗೆ ಅದು ಗೊತ್ತಿರಲಿಲ್ಲ. ನಾನು ಸಂವತ್ಸರದ ಹೆಸರು ಹೇಳಿ, ತಿಂಗಳು ಹೇಳಿ, ಲೆಕ್ಕ ಹಾಕಿ ವರ್ಷ ಹೇಳಿದೆ. ಅವರ ಹೆಂಡತಿ ಅದನ್ನು ತಮ್ಮ ಫೋನಿನಲ್ಲಿ ಬರೆದುಕೊಂಡರು. ಪುಟ್ಟಿ ಕೆರೆದು ತೆಗೆಯಬಹುದೇ, ಮರಕ್ಕೆ ಏಟಾದೀತೇ ಎಂದು ವಿಚಾರಿಸಿದರು.

ಅವರ ಕಾರು ತಿರುವು ದಾಟಿದ ಮೇಲೆ ನನ್ನ ಹಳೆಯ ವಿದ್ಯಾರ್ಥಿ ಗೇಟಿನ ಫಲಕದ ಹತ್ತಿರ ನಿಂತು ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು:

"ಅದನ್ನು ಇದರಲ್ಲಿ ಸೇರಿಸಿದರೆ ರೇಟು ಸ್ವಲ್ಪ ಏರೀತೇ ಮಾಷ್ಟ್ರೇ?"

ಕನ್ನಡದಲ್ಲಿ ಸೇರಿಸುವುದಾದರೆ ನಾನೇ ಬರೆದುಕೊಡುತ್ತೇನೆ ಎಂದೆ. ಪೈಂಟರನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ.